ಬಲ್ಲವರು ಹೊರಟ ಮೇಲೆ



ನಿಮ್ಮ ಮನೆಯ ನಲ್ಲಿಗೆ ನೀರು ಬಿಡುವವರು ಯಾರು ಎಂದು ನಿಮಗೆ ಗೊತ್ತೆ? ಹಳ್ಳಿಯಲ್ಲಾದರೆ ನೀರುಗಂಟಿ. ಪಟ್ಟಣದಲ್ಲಾದರೆ ವಾಲ್ವ್‌ಮನ್. ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ನಸುಕಿನಲ್ಲೇ ಬೀದಿ ಸುತ್ತುವ ಮನುಷ್ಯ. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ದಿಬ್ಬದ ಮೇಲಿನ ಮನೆಗೂ ನೀರು ಏರುತ್ತದೆ ಎಂಬುದು ಅವರಿಗೆ ಗೊತ್ತು. ಡಾಂಬರಿನ ಅಡಿಯಲ್ಲಿ ಹೂತುಹೋದ ವಾಲ್ವ್ ಎಲ್ಲಿದೆ ಎಂಬುದೂ ಗೊತ್ತು. ಯಾವ ಪೈಪು ಹಳೆಯದು, ಯಾವ ತಿರುವಿನಲ್ಲಿ ಒತ್ತಡ ತಡೆಯದೆ ಒಡೆಯುತ್ತದೆ, ಅದೂ ಗೊತ್ತು. ಇದರಲ್ಲಿ ಎಷ್ಟೋ ಸಂಗತಿ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಒಂದು ದಿನ ಅವರು ನಿವೃತ್ತರಾಗುತ್ತಾರೆ. ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ. ನಾಲ್ಕು ಒಳ್ಳೆಯ ಮಾತು ಆಡುತ್ತೇವೆ. ಮರುದಿನ ಹೊಸಬರು ಬರುತ್ತಾರೆ. ಅವರ ಕೈಗೆ ಕೀಲಿ ಸಿಗುತ್ತದೆ. ಮೂವತ್ತು ವರ್ಷದ ತಿಳಿವಳಿಕೆ ಸಿಗುವುದಿಲ್ಲ. ಮುಂದಿನ ಕೆಲವು ತಿಂಗಳು ಇಡೀ ಬಡಾವಣೆ ಅದರ ಬೆಲೆ ತೆರುತ್ತದೆ.

ಕೇಳುಗರೇ, ಇದು ನೀರಿನ ಇಲಾಖೆಯೊಂದರ ಕಥೆಯಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತರು, ಸಹಕಾರ ಸಂಘದ ಕಾರ್ಯದರ್ಶಿ, ಆಸ್ಪತ್ರೆಯ ಹಿರಿಯ ನರ್ಸ್, ಕಾರ್ಖಾನೆಯ ಫಿಟ್ಟರ್, ಶಾಲೆಯ ಹಿರಿಯ ಮೇಷ್ಟ್ರು, ಎಲ್ಲರ ವಿಷಯದಲ್ಲೂ ಇದೇ ನಡೆಯುತ್ತದೆ. ಸಂಸ್ಥೆಯ ಅರಿವನ್ನು ಉಳಿಸುವುದು ಹೇಗೆ, ಅದಕ್ಕೆ ಎಂಥ ಜನ ಬೇಕು, ಅವರಿಗೆ ಯಾವ ಕೌಶಲ ಬೇಕು ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಅರಿವು ತಾನಾಗಿ ಉಳಿಯುವುದಿಲ್ಲ. ಅದನ್ನು ಉಳಿಸುವುದು ಯಾರದೋ ಒಬ್ಬರ ಕೆಲಸವಾಗಬೇಕು. ಆ ಕೆಲಸಕ್ಕೆ ಒಂದು ಹೆಸರು ಇರಬೇಕು.

ಮೊದಲು ಒಂದು ಮೂಲ ಸಂಗತಿ ತಿಳಿದುಕೊಳ್ಳೋಣ. ಸಂಸ್ಥೆಯಲ್ಲಿ ಎರಡು ಬಗೆಯ ಅರಿವು ಇರುತ್ತದೆ. ಒಂದು, ಬರೆದಿಟ್ಟದ್ದು. ನಿಯಮ, ಸುತ್ತೋಲೆ, ಕಡತ, ಲಾಗ್ ಬುಕ್, ನಕ್ಷೆ. ಇನ್ನೊಂದು, ಮನುಷ್ಯನ ಕೈಯಲ್ಲಿ, ಕಣ್ಣಿನಲ್ಲಿ, ಕಿವಿಯಲ್ಲಿ ಕೂತದ್ದು. ಮೋಟಾರಿನ ಸದ್ದು ಕೇಳಿಯೇ ಬೇರಿಂಗ್ ಸವೆದಿದೆ ಎನ್ನುವ ಮೆಕ್ಯಾನಿಕ್ ನಿಮಗೆ ಗೊತ್ತಿರುತ್ತಾರೆ. ಹೇಗೆ ತಿಳಿಯಿತು ಎಂದು ಕೇಳಿ ನೋಡಿ. ಕೇಳಿದರೆ ಗೊತ್ತಾಗುತ್ತೆ ಸಾರ್ ಎನ್ನುತ್ತಾರೆ. ಅವರು ಮುಚ್ಚಿಡುತ್ತಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ಅವರಿಗೆ ಆಗುವುದಿಲ್ಲ. ಹಂಗೇರಿಯಲ್ಲಿ ಹುಟ್ಟಿದ ಮೈಕೆಲ್ ಪೊಲಾನ್ಯಿ ಎಂಬ ವಿಜ್ಞಾನಿ ಈ ಎರಡನೆಯ ಬಗೆಯ ಅರಿವಿನ ಬಗ್ಗೆ 1966ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಮನುಷ್ಯನಿಗೆ ಮಾತಿನಲ್ಲಿ ಹೇಳಲು ಆಗುವುದಕ್ಕಿಂತ ತಿಳಿದಿರುವುದು ಹೆಚ್ಚು ಎಂಬುದು ಅವರ ವಿಚಾರದ ತಿರುಳು.

ಎರಡು ಬಗೆಯ ಅರಿವು ಎಂದೆ. ಬರೆದದ್ದು ಒಂದು, ಮನುಷ್ಯನಲ್ಲಿ ಕೂತದ್ದು ಒಂದು. ನಿವೃತ್ತಿಯ ದಿನ ಮನೆಗೆ ಹೋಗಿಬಿಡುವುದು ಎರಡನೆಯದು. ಅದನ್ನು ಹಿಡಿದುಕೊಳ್ಳುವುದು ಹೇಗೆ? ಇಲ್ಲಿ ಮೊದಲನೆಯ ಕೆಲಸಗಾರರು ಬರುತ್ತಾರೆ. ಅವರನ್ನು ಕೇಳುವವರು ಎಂದು ಕರೆಯೋಣ.

ಜಪಾನಿನ ಒಂದು ಪ್ರಸಂಗ ಹೇಳುತ್ತೇನೆ. 1985ರ ಸುಮಾರು. ಒಸಾಕಾದ ಮತ್ಸುಶಿತಾ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರವೊಂದನ್ನು ತಯಾರಿಸುತ್ತಿತ್ತು. ಯಂತ್ರ ಹಿಟ್ಟನ್ನು ಸರಿಯಾಗಿ ನಾದುತ್ತಿರಲಿಲ್ಲ. ಬ್ರೆಡ್ಡಿನ ಹೊರಗೆ ಸೀಯುತ್ತಿತ್ತು, ಒಳಗೆ ಹಸಿಯಾಗಿ ಉಳಿಯುತ್ತಿತ್ತು. ಎಂಜಿನಿಯರುಗಳು ಯಂತ್ರ ನಾದಿದ ಹಿಟ್ಟನ್ನೂ ಬಾಣಸಿಗರು ನಾದಿದ ಹಿಟ್ಟನ್ನೂ ಎಕ್ಸ್‌ರೇ ತೆಗೆದು ಹೋಲಿಸಿದರು. ಗುಟ್ಟು ತಿಳಿಯಲಿಲ್ಲ. ಆಗ ಇಕುಕೊ ತನಾಕಾ ಎಂಬ ಸಾಫ್ಟ್‌ವೇರ್ ಉದ್ಯೋಗಿ ಒಂದು ದಾರಿ ಸೂಚಿಸಿದರು. ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿನ ಬ್ರೆಡ್ಡಿಗೆ ಊರಲ್ಲೇ ಹೆಸರಿತ್ತು. ತನಾಕಾ ಅಲ್ಲಿನ ಮುಖ್ಯ ಬಾಣಸಿಗರ ಹತ್ತಿರ ಶಿಷ್ಯೆಯಾಗಿ ಸೇರಿದರು. ಪಕ್ಕದಲ್ಲಿ ನಿಂತು ನೋಡಿದರು, ತಾವೂ ನಾದಿದರು. ಕೊನೆಗೆ ಒಂದು ದಿನ ಕಣ್ಣಿಗೆ ಬಿತ್ತು. ಬಾಣಸಿಗರು ಹಿಟ್ಟನ್ನು ಎಳೆಯುತ್ತಿದ್ದರು, ಎಳೆಯುತ್ತಲೇ ತಿರುಚುತ್ತಿದ್ದರು. ಎಂಜಿನಿಯರುಗಳು ಆ ತಿರುಚುವಿಕೆ ಯಂತ್ರಕ್ಕೂ ಬರುವಂತೆ ಪಾತ್ರೆಯ ಒಳಮೈಯಲ್ಲಿ ಏಣುಗಳನ್ನು ಕೂರಿಸಿದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು, ಚೆನ್ನಾಗಿ ಮಾರಾಟವಾಯಿತು. ಇಕುಜಿರೊ ನೊನಾಕಾ ಎಂಬ ವಿದ್ವಾಂಸರು ಈ ಪ್ರಸಂಗವನ್ನು ಬರೆದು ಜಗತ್ತಿಗೆ ತಿಳಿಸಿದರು.

ಕೇಳುವವರಿಗೆ ಬೇಕಾದ ಕೌಶಲಗಳು ಈ ಪ್ರಸಂಗದಲ್ಲೇ ಇವೆ. ಮೊದಲನೆಯದು ತಾಳ್ಮೆ. ಎರಡನೆಯದು ವಿನಯ. ತನ್ನ ಓದು ದೊಡ್ಡದಿರಬಹುದು, ಆದರೂ ಕೆಲಸ ಬಲ್ಲವರ ಪಕ್ಕ ಶಿಷ್ಯರಾಗಿ ನಿಲ್ಲಬೇಕು. ಮೂರನೆಯದು, ಸರಿಯಾದ ಪ್ರಶ್ನೆ ಕೇಳುವುದು. ನಿಮ್ಮ ಕೆಲಸ ಹೇಗೆ ಮಾಡುತ್ತೀರಿ ಎಂದು ಕೇಳಿದರೆ ಕೈಪಿಡಿಯಲ್ಲಿರುವ ಉತ್ತರವೇ ಬರುತ್ತದೆ. ಹಿಂದಿನ ಸಲ ಕೆಟ್ಟಾಗ ಮೊದಲು ಏನು ನೋಡಿದಿರಿ, ಹೊಸಬರು ಸಾಮಾನ್ಯವಾಗಿ ಎಲ್ಲಿ ತಪ್ಪುತ್ತಾರೆ, ನೀವು ರಜೆ ಹಾಕಿದಾಗ ಯಾತಕ್ಕಾಗಿ ಫೋನ್ ಬರುತ್ತದೆ, ಹೀಗೆ ಕೇಳಿ ನೋಡಿ. ನಿಜವಾದ ಅರಿವು ಹೊರಗೆ ಬರಲು ಶುರುವಾಗುತ್ತದೆ.

ಇಲ್ಲಿಯವರೆಗೆ ಒಂದು ಪಾತ್ರ ನೋಡಿದೆವು. ಕೇಳುವವರು ಬಲ್ಲವರ ಜೊತೆಗಿದ್ದು ಕಲಿತು, ಬರೆದು ತರುತ್ತಾರೆ. ಆದರೆ ಬರೆದದ್ದು ಬೇಕಾದಾಗ ಸಿಗದಿದ್ದರೆ ಬರೆದೂ ಪ್ರಯೋಜನವಿಲ್ಲ. ಹೆಸರು ಬರೆಯದ ಡಬ್ಬಿಗಳೇ ತುಂಬಿದ ಅಡುಗೆಮನೆಯಲ್ಲಿ ಜೀರಿಗೆ ಇದ್ದರೂ ಒಗ್ಗರಣೆಯ ಹೊತ್ತಿಗೆ ಸಿಗುವುದಿಲ್ಲ. ಹಾಗಾಗಿ ಎರಡನೆಯ ಪಾತ್ರ, ಅಣಿಮಾಡುವವರು.

ಈ ವಿದ್ಯೆಯ ದೊಡ್ಡ ಗುರು ನಮ್ಮ ಬೆಂಗಳೂರಿನಲ್ಲೇ ಬಾಳಿದವರು. ಅವರೇ ಎಸ್. ಆರ್. ರಂಗನಾಥನ್. ತಮಿಳುನಾಡಿನಲ್ಲಿ 1892ರಲ್ಲಿ ಹುಟ್ಟಿದರು. ಗಣಿತದ ಅಧ್ಯಾಪಕರಾಗಿದ್ದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಓದುಗರ ಸಮಯ ಉಳಿಸಬೇಕು ಎಂಬುದು ಅವುಗಳಲ್ಲೊಂದರ ಆಶಯ. ಬಾಳಿನ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಇಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆ ಒಂದು ಕೇಂದ್ರ ತೆರೆದರು. ಡಿಆರ್‌ಟಿಸಿ ಎಂದು ಅದಕ್ಕೆ ಹೆಸರು. ಭಾರತೀಯ ಸಾಂಖ್ಯಿಕ ಸಂಸ್ಥೆಯ ಭಾಗವಾಗಿ ಅದು ಇಂದಿಗೂ ಕೆಲಸ ಮಾಡುತ್ತಿದೆ.

ಆ ಕಾಲದ ಬೆಂಗಳೂರನ್ನು ನೆನೆಯಿರಿ. ಎಚ್‌ಎಎಲ್ ಇತ್ತು, ಐಟಿಐ ಇತ್ತು, ಎಚ್‌ಎಂಟಿ ಇತ್ತು, ಬಿಇಎಲ್ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆ ಅರ್ಧ ಶತಮಾನ ದಾಟಿತ್ತು. ಇಂಥ ಕಡೆ ಎಂಜಿನಿಯರಿಗೆ ಒಂದು ವರದಿ ಬೇಕೆಂದರೆ ಇಂದೇ ಬೇಕು. ಕೇಳುವ ವಿಷಯವೂ ಬಹಳ ಸೂಕ್ಷ್ಮವಾದದ್ದು. ರಂಗನಾಥನ್ ಕಲಿಸಿದ ದಾರಿ ಹೀಗೆ. ಒಂದು ವಿಷಯವನ್ನು ಒಂದೇ ಕಪಾಟಿನ ಒಂದೇ ಮೂಲೆಗೆ ತಳ್ಳಿಬಿಡಬೇಡಿ. ಅದನ್ನು ಮುಖಮುಖವಾಗಿ ಬಿಡಿಸಿ ನೋಡಿ. ವಸ್ತು ಯಾವುದು, ಅದರ ಮೇಲೆ ನಡೆಯುವ ಕ್ರಿಯೆ ಯಾವುದು, ಎಲ್ಲಿ, ಯಾವಾಗ. ನೀರಿನ ಪೈಪು, ದುರಸ್ತಿ, ಮೂರನೆಯ ವಾರ್ಡು, ಬೇಸಿಗೆ. ಈ ನಾಲ್ಕರಲ್ಲಿ ಯಾವ ಬಾಗಿಲಿನಿಂದ ಬಂದವರಿಗೂ ಅದೇ ಕಡತ ಸಿಗಬೇಕು.

ಹಾಗಾದರೆ ಅಣಿಮಾಡುವವರ ಕೌಶಲ ಯಾವುದು? ಕಂಪ್ಯೂಟರ್ ಬಳಸಲು ಬರಬೇಕು, ನಿಜ. ಅದಕ್ಕಿಂತ ಮೊದಲು, ಹುಡುಕಿಕೊಂಡು ಬರುವವರು ಯಾವ ಮಾತಿನಲ್ಲಿ ಕೇಳುತ್ತಾರೆ ಎಂಬುದು ತಿಳಿದಿರಬೇಕು. ಆದೇಶದಲ್ಲಿ ಸ್ವಾಧೀನಾನುಭವ ಎಂದಿರುತ್ತದೆ. ರೈತ ಕೇಳುವುದು ಯಾರ ಉಳುಮೆಯಲ್ಲಿದೆ ಎಂದು. ಎರಡೂ ಮಾತು ಒಂದೇ ಪುಟಕ್ಕೆ ತಲುಪಬೇಕು. ಹಳೆಯದಾದದ್ದನ್ನು ತೆಗೆದುಹಾಕುವ ಧೈರ್ಯವೂ ಅವರಿಗೆ ಬೇಕು. ರದ್ದಾದ ಸುತ್ತೋಲೆ ಜಾರಿಯಲ್ಲಿರುವ ಸುತ್ತೋಲೆಯ ಪಕ್ಕದಲ್ಲೇ ಇದ್ದರೆ ಒಂದಲ್ಲ ಒಂದು ದಿನ ಯಾರೋ ಒಬ್ಬ ಬಡವನ ಅರ್ಜಿ ತಪ್ಪಾಗಿ ತಿರಸ್ಕಾರವಾಗುತ್ತದೆ.

ಕೇಳುಗರೇ, ಎರಡು ಪಾತ್ರಗಳಾದವು. ಕೇಳುವವರು ಅರಿವನ್ನು ಹೊರಗೆ ತರುತ್ತಾರೆ. ಅಣಿಮಾಡುವವರು ಅದು ಸಿಗುವಂತೆ ಇಡುತ್ತಾರೆ. ಇನ್ನೊಂದು ಪ್ರಶ್ನೆ ಉಳಿಯಿತು. ಬರೆದಿಟ್ಟದ್ದು ನಿಜವೇ? ಅದು ಬೇಕಾದವರ ಕೈಗೆ ತಲುಪುತ್ತದೆಯೇ? ಇದು ಮೂರನೆಯ ಪಾತ್ರ. ಒರೆಹಚ್ಚಿ ಹಂಚುವವರು.

ಇಲ್ಲಿ ಎರಡು ಕಂಪನಿಗಳ ಅನುಭವವನ್ನು ಅಕ್ಕಪಕ್ಕ ಇಡುತ್ತೇನೆ. ಒಂದು ಅಮೆರಿಕದ ಜೆರಾಕ್ಸ್. ಆ ಕಂಪನಿಯ ಯಂತ್ರ ರಿಪೇರಿ ಮಾಡುವ ತಂತ್ರಜ್ಞರ ಜೊತೆ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ತಿರುಗಾಡಿದರು. ಕೈಪಿಡಿಯಲ್ಲಿ ಇಲ್ಲದ ತೊಂದರೆ ಎದುರಾದಾಗ ತಂತ್ರಜ್ಞರು ಒಬ್ಬರಿಗೊಬ್ಬರು ಕಥೆ ಹೇಳಿಕೊಂಡೇ ದಾರಿ ಹುಡುಕುತ್ತಿದ್ದರು. ತಿಂಡಿಯ ಹೊತ್ತಿನ ಹರಟೆಯೇ ಅವರ ಪಾಠಶಾಲೆಯಾಗಿತ್ತು. ಹರಟೆಯನ್ನು ನಿಲ್ಲಿಸಿದ್ದರೆ ಕೆಲಸವೇ ಕೆಡುತ್ತಿತ್ತು. 1990ರ ದಶಕದಲ್ಲಿ ಕಂಪನಿ ಫ್ರಾನ್ಸಿನಲ್ಲಿ ಒಂದು ವ್ಯವಸ್ಥೆ ಶುರುಮಾಡಿತು. ಯುರೇಕಾ ಎಂದು ಅದರ ಹೆಸರು. ತಂತ್ರಜ್ಞರು ತಾವು ಕಂಡುಕೊಂಡ ಉಪಾಯವನ್ನು ಬರೆದು ಕಳಿಸಬೇಕು. ಅನುಭವ ಇರುವ ಇನ್ನೊಬ್ಬರು ಅದನ್ನು ಪರೀಕ್ಷಿಸಬೇಕು. ಸರಿಯಿದ್ದರೆ ಎಲ್ಲರಿಗೂ ಸಿಗುತ್ತದೆ. ಬರೆದವರ ಹೆಸರು ಅದರ ಜೊತೆಗೇ ಇರುತ್ತದೆ. ತಂತ್ರಜ್ಞರಿಗೆ ದುಡ್ಡಿಗಿಂತ ಆ ಹೆಸರು, ತಮ್ಮ ಜೊತೆಯವರಿಂದ ಸಿಗುವ ಆ ಮನ್ನಣೆ ದೊಡ್ಡದಾಗಿತ್ತು.

ಫಲ ಏನಾಯಿತು? ಬ್ರೆಜಿಲ್‌ನಲ್ಲಿ ಸುಮಾರು 40 ಸಾವಿರ ಡಾಲರಿನ ಒಂದು ಯಂತ್ರ ಪದೇ ಪದೇ ಕೆಡುತ್ತಿತ್ತು. ಬದಲಿಸಿ ಹೊಸದು ಕೊಡುವ ಹಂತಕ್ಕೆ ಬಂದಿತ್ತು. ಅಷ್ಟರಲ್ಲಿ ಅಲ್ಲಿನ ತಂತ್ರಜ್ಞರಿಗೆ ಕೆನಡಾದ ಮಾಂಟ್ರಿಯಲ್‌ನಿಂದ ಬಂದ ಒಂದು ಉಪಾಯ ಕಣ್ಣಿಗೆ ಬಿತ್ತು. ಒಂದು ಡಾಲರ್ ಕೂಡ ಬೆಲೆಬಾಳದ ಒಂದು ಬಿಡಿಭಾಗ ಹಾಕಿದರು. ಯಂತ್ರ ಸರಿಹೋಯಿತು.

ಇನ್ನೊಂದು ಅನುಭವ ನಮ್ಮ ಬೆಂಗಳೂರಿನ ಇನ್ಫೋಸಿಸ್‌ನದು. 1990ರ ದಶಕದ ಆರಂಭದಲ್ಲೇ ಆ ಕಂಪನಿ ಉದ್ಯೋಗಿಗಳ ಅನುಭವವನ್ನು ಬರೆಸಿ ಕೂಡಿಡತೊಡಗಿತು. ಮುಂದೆ ಎಲ್ಲರೂ ಬಳಸುವಂಥ ಒಂದು ಆಂತರಿಕ ಜಾಲ ಕಟ್ಟಿತು. ಬರೆಯುವವರ ಸಂಖ್ಯೆ ಹೆಚ್ಚಲಿ ಎಂದು ಅಂಕ ಕೊಡುವ ಪದ್ಧತಿ ತಂದಿತು. ಅಂಕ ಕೂಡಿದರೆ ಬಹುಮಾನ. ಜನ ಉತ್ಸಾಹದಿಂದ ಬರೆದರು. ಬರಹಗಳು ರಾಶಿ ಬಿದ್ದವು. ಒರೆಹಚ್ಚಬೇಕಾದವರಿಗೆ ತಮ್ಮ ದಿನದ ಕೆಲಸದ ನಡುವೆ ಅಷ್ಟನ್ನೂ ಓದಿ ಮುಗಿಸುವುದು ಕಷ್ಟವಾಯಿತು. ರಾಶಿಯಲ್ಲಿ ಒಳ್ಳೆಯದನ್ನು ಹುಡುಕುವುದೂ ಕಷ್ಟವಾಯಿತು. ಕಂಪನಿ ಇದನ್ನು ಗಮನಿಸಿ ಪದ್ಧತಿಯನ್ನು ತಿದ್ದಿತು. ಎಷ್ಟು ಬರೆದರು ಎಂಬುದರ ತೂಕ ಇಳಿಸಿತು. ಓದಿದವರಿಗೆ ಎಷ್ಟು ಉಪಯೋಗವಾಯಿತು ಎಂಬುದರ ತೂಕ ಏರಿಸಿತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ ಎಂಬ ಇಬ್ಬರು ಸಂಶೋಧಕರು ಈ ಇಡೀ ಅನುಭವವನ್ನು 2005ರಲ್ಲಿ ವಿವರವಾಗಿ ದಾಖಲಿಸಿದ್ದಾರೆ.

ಎರಡೂ ಕಡೆಯಿಂದ ನಮಗೆ ಸಿಗುವ ಪಾಠ ಇದು. ಬರೆಸುವುದು ಸುಲಭದ ಭಾಗ. ಓದಿ, ಪರೀಕ್ಷಿಸಿ, ಹೌದು ಇದು ನಂಬಬಹುದಾದದ್ದು ಎಂದು ಹೇಳುವವರಿಗೆ ಸಮಯ ಬೇಕು. ಆ ಸಮಯವನ್ನು ಅವರ ಕೆಲಸದ ಗಂಟೆಗಳಲ್ಲೇ ಕೊಡಬೇಕು. ಮನೆಗೆ ಹೋದ ಮೇಲೆ ಮಾಡಿ ಎಂದರೆ ಅದು ನಡೆಯುವುದಿಲ್ಲ. ಈ ಪಾತ್ರಕ್ಕೆ ಬೇಕಾದ ಕೌಶಲ ಎರಡು. ವಿಷಯದ ಆಳವಾದ ತಿಳಿವಳಿಕೆ ಒಂದು. ಯಾರಿಗೆ ಯಾವುದು ಬೇಕಾಗಿದೆ ಎಂಬ ಜನಪರಿಚಯ ಇನ್ನೊಂದು. ನಿಮ್ಮ ಕಚೇರಿಯಲ್ಲೂ ಇಂಥವರು ಒಬ್ಬರಾದರೂ ಇದ್ದಾರೆ. ಈ ವಿಷಯವೇ, ಸ್ಟೋರ್ಸಿನ ಅಕ್ಕನನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ ಎನ್ನುತ್ತಾರಲ್ಲ, ಅವರೇ. ಇಂದು ಅದು ಅವರ ಒಳ್ಳೆಯತನ. ನಾಳೆ ಅದು ಅವರ ಹುದ್ದೆಯ ಭಾಗವಾಗಬೇಕು.

ಈಗ ಮೂರು ಪಾತ್ರಗಳಾದವು. ಕೇಳುವವರು, ಅಣಿಮಾಡುವವರು, ಒರೆಹಚ್ಚಿ ಹಂಚುವವರು. ಈ ಮೂವರೂ ಇದ್ದಾಗಲೂ ಕೆಲಸ ನಿಂತುಹೋಗಬಹುದು. ಕಾರಣ ಭಯ. ತಪ್ಪಾದದ್ದನ್ನು ಹೇಳಿದರೆ ಮೆಮೊ ಬರುತ್ತದೆ ಎಂಬ ಭಯ. ಭಯ ಇರುವ ಕಡೆ ಜನ ಗೆದ್ದದ್ದನ್ನು ಮಾತ್ರ ಬರೆಯುತ್ತಾರೆ. ಸೋತದ್ದು ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನವರು ಅದೇ ಗುಂಡಿಗೆ ಬೀಳುತ್ತಾರೆ. ಹಾಗಾಗಿ ನಾಲ್ಕನೆಯ ಪಾತ್ರ, ಮುನ್ನಡೆಸುವವರು.

1979ರ ಆಗಸ್ಟ್ 10. ಶ್ರೀಹರಿಕೋಟಾದಿಂದ ಭಾರತದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3 ಮೇಲೆದ್ದಿತು. ಐದು ನಿಮಿಷ ಚಿಲ್ಲರೆಯಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನೆಯ ಹೊಣೆ ಹೊತ್ತಿದ್ದವರು ಎ. ಪಿ. ಜೆ. ಅಬ್ದುಲ್ ಕಲಾಂ. ಇಸ್ರೋದ ಅಧ್ಯಕ್ಷರು ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗ ಅವರೇ. ಪತ್ರಕರ್ತರ ಮುಂದೆ ಧವನ್ ತಾವೇ ಕೂತರು. ಸೋಲಿನ ಹೊಣೆಯನ್ನು ತಾವು ಹೊತ್ತರು. ತಮ್ಮ ತಂಡದ ಮೇಲೆ ನಂಬಿಕೆ ಇದೆ ಎಂದರು. ಒಳಗೆ ತಂಡ ಸೋಲಿನ ಕಾರಣವನ್ನು ಬಿಡಿಬಿಡಿಯಾಗಿ ಶೋಧಿಸಿತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿಹೋಗಿತ್ತು. ಅದನ್ನು ಸರಿಪಡಿಸಿದರು. ವರ್ಷ ತುಂಬುವ ಮೊದಲೇ, 1980ರ ಜುಲೈ 18ರಂದು, ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಆ ದಿನ ಪತ್ರಕರ್ತರ ಮುಂದೆ ಮಾತಾಡಲು ಧವನ್ ಕಲಾಂ ಅವರನ್ನು ಮುಂದೆ ಮಾಡಿದರು. ಕಲಾಂ ಈ ಪ್ರಸಂಗವನ್ನು ಜೀವನಪೂರ್ತಿ ಹೇಳುತ್ತಾ ಬಂದರು.

ಇದನ್ನು ನಾವು ಸಾಮಾನ್ಯವಾಗಿ ದೊಡ್ಡ ಗುಣದ ಕಥೆಯೆಂದು ಕೇಳುತ್ತೇವೆ. ಅದು ಹೌದು. ನಾನು ಅದರಲ್ಲಿ ಇನ್ನೊಂದನ್ನೂ ಕಾಣುತ್ತೇನೆ. ಹೊರಗಿನ ಬೈಗುಳವನ್ನು ಮೇಲಿನವರು ತಡೆದುಕೊಂಡರೆ ಕೆಳಗಿನವರು ನಿಜ ಹೇಳಲು ಬಾಯಿ ಬಿಡುತ್ತಾರೆ. ನಿಜ ಹೊರಗೆ ಬಂದರೆ ಸೋಲೂ ಸಂಸ್ಥೆಯ ಅರಿವಾಗುತ್ತದೆ.

ಇಂಥ ಮಾತುಕತೆಗೆ ಒಂದು ಸರಳ ಕ್ರಮವೂ ಇದೆ. 1970ರ ದಶಕದಲ್ಲಿ ಅಮೆರಿಕದ ಸೇನೆ ತನ್ನ ತರಬೇತಿಯಲ್ಲಿ ಅದನ್ನು ರೂಢಿಗೆ ತಂದಿತು. ಕೆಲಸ ಮುಗಿದ ಕೂಡಲೇ, ನೆನಪು ಹಸಿಯಾಗಿರುವಾಗಲೇ ಎಲ್ಲರೂ ಕೂರಬೇಕು. ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಏನಾಗಬೇಕಿತ್ತು? ಏನಾಯಿತು? ಯಾಕೆ ಹಾಗಾಯಿತು? ಮುಂದಿನ ಸಲ ಏನು ಮಾಡೋಣ? ಮೇಲಧಿಕಾರಿಯ ತಪ್ಪನ್ನೂ ಅಲ್ಲಿ ಹೇಳಬಹುದು. ನಿಮ್ಮ ಊರಿನ ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಲಸಿಕಾ ಶಿಬಿರ, ಚುನಾವಣೆಯ ಕರ್ತವ್ಯ, ಯಾವುದಾದರೂ ಆಗಲಿ. ಮುಗಿದ ದಿನವೇ ಅರ್ಧ ಗಂಟೆ ಕೂತು ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆದಿಡಿ. ಮುಂದಿನ ವರ್ಷ ಕೆಲಸ ಹಗುರಾಗುತ್ತದೆ.

ನಾಲ್ಕೂ ಪಾತ್ರಗಳನ್ನು ಒಮ್ಮೆ ಸೇರಿಸಿ ಹೇಳುತ್ತೇನೆ. ಕೇಳುವವರಿಗೆ ತಾಳ್ಮೆ ಮತ್ತು ಪ್ರಶ್ನೆ. ಅಣಿಮಾಡುವವರಿಗೆ ಬಳಸುವವರ ಮಾತಿನ ಪರಿಚಯ. ಒರೆಹಚ್ಚಿ ಹಂಚುವವರಿಗೆ ವಿಷಯಜ್ಞಾನ ಮತ್ತು ಜನಪರಿಚಯ. ಮುನ್ನಡೆಸುವವರಿಗೆ ಹೊಣೆ ಹೊರುವ ಎದೆಗಾರಿಕೆ. ದೊಡ್ಡ ಕಂಪನಿಯಲ್ಲಿ ಈ ನಾಲ್ಕು ಕೆಲಸಕ್ಕೆ ನಾಲ್ಕು ವಿಭಾಗ ಇರಬಹುದು. ಸಣ್ಣ ಕಚೇರಿಯಲ್ಲಿ ಇಬ್ಬರೇ ಹಂಚಿಕೊಳ್ಳಬಹುದು. 2018ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಜ್ಞಾನ ನಿರ್ವಹಣೆಗೆಂದೇ ಒಂದು ಮಾನಕವನ್ನು ಹೊರತಂದಿತು. ಈ ಹೊಣೆಗಳನ್ನು ಗೊತ್ತುಪಡಿಸಿ ಎಲ್ಲರಿಗೂ ತಿಳಿಸಬೇಕು ಎಂದು ಅದೂ ಹೇಳುತ್ತದೆ.

ಕೊನೆಯದಾಗಿ, ನಾಳೆಯಿಂದಲೇ ಆಗುವ ಒಂದು ಕೆಲಸ. ನಮ್ಮ ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಯಾರು ಯಾವ ತಿಂಗಳ ಕೊನೆಯಲ್ಲಿ ಹೊರಡುತ್ತಾರೆ ಎಂಬುದು ವರ್ಷಗಳ ಮೊದಲೇ ಕಚೇರಿಗೆ ಗೊತ್ತಿರುತ್ತದೆ. ಹೊರಡುವಾಗ ಚಾರ್ಜ್ ಕೊಡುವ ಪದ್ಧತಿಯೂ ಇದೆ. ಚಾರ್ಜ್ ಪಟ್ಟಿಯಲ್ಲಿ ಬೀರು, ಕುರ್ಚಿ, ಬೀಗದ ಕೈ, ಬಾಕಿ ಕಡತ ಎಲ್ಲ ಲೆಕ್ಕಕ್ಕೆ ಸಿಗುತ್ತವೆ. ಅದಕ್ಕೆ ಇನ್ನೊಂದು ಹಾಳೆ ಸೇರಿಸೋಣ. ಈ ಕೆಲಸ ಎಲ್ಲಿ, ಯಾವ ಕಾಲದಲ್ಲಿ ಕೆಡುತ್ತದೆ? ಕೆಟ್ಟಾಗ ಯಾರನ್ನು ಕೇಳಬೇಕು? ಹಿಂದೆ ತೆಗೆದುಕೊಂಡ ತೀರ್ಮಾನಗಳಿಗೆ ಕಾರಣ ಏನು? ಬರೆದಿಡದೇ ಇರುವ ಯಾವ ಸಂಗತಿ ನಿಮಗೊಬ್ಬರಿಗೇ ಗೊತ್ತು? ಈ ಹಾಳೆಯನ್ನು ಕೊನೆಯ ದಿನ ಅವಸರದಲ್ಲಿ ತುಂಬಿಸಬೇಡಿ. ಆರು ತಿಂಗಳ ಮೊದಲೇ ಹೊಸಬರೊಬ್ಬರನ್ನು ಹಿರಿಯರ ಪಕ್ಕ ಕೂರಿಸಿ. ಇಬ್ಬರೂ ಸೇರಿ ತುಂಬಲಿ.

ನಿವೃತ್ತಿಗೆ ಹತ್ತಿರ ಇರುವ ಹಿರಿಯರೇ, ನಿಮ್ಮಲ್ಲೂ ಒಂದು ವಿನಂತಿ. ನಿಮಗೆ ಗೊತ್ತಿರುವುದು ಸಣ್ಣದು ಎಂದುಕೊಳ್ಳಬೇಡಿ. ನೀವು ಕೈಬೀಸಿ ಹೇಳುವ ಒಂದು ಮಾತು ಇನ್ನೊಬ್ಬರ ಆರು ತಿಂಗಳ ಪರದಾಟವನ್ನು ಉಳಿಸುತ್ತದೆ. ಕಿರಿಯರೇ, ಅವರನ್ನು ಹುಡುಕಿಕೊಂಡು ಹೋಗಿ ಕೇಳಿ. ಕಚೇರಿಯ ಮುಖ್ಯಸ್ಥರೇ, ಮುಂದಿನ ಸಭೆಯಲ್ಲಿ ಈ ವಿಷಯವನ್ನು ತೆಗೆಯಿರಿ. ನಮ್ಮಲ್ಲಿ ಅರಿವನ್ನು ಉಳಿಸುವ ಹೊಣೆ ಯಾರದು ಎಂದು ಕೇಳಿ. ನಡಾವಳಿ ಪುಸ್ತಕದಲ್ಲಿ ಒಂದು ಹೆಸರು ಬರೆಸಿ. ಅವರಿಗೆ ವಾರದಲ್ಲಿ ಕೆಲವು ಗಂಟೆ ಬಿಡುವು ಮಾಡಿಕೊಡಿ. ಅಷ್ಟಾದರೆ ಕೆಲಸ ಶುರುವಾದಂತೆಯೇ.